ಕಂಡದ್ದು ಮತ್ತು ಅಂದುಕೊಂಡದ್ದು: ರಕ್ಷಿಸಿದ ನಾಯಿಯೊಂದರ ಮೊದಲ 14 ದಿನ



ಜೂನ್ ತಿಂಗಳಲ್ಲಿ ಹಳೆಯ ಸೈಕಲ್ ಶೆಡ್ಡಿಗೆ 14 ದಿನ ಬೀಗ ಹಾಕಿದ್ದು ಏಕೆ, ಒಳಗಿದ್ದ ನಾಯಿಯನ್ನು ಮುಟ್ಟಲು ನಿಮ್ಮಲ್ಲಿ ಒಬ್ಬರನ್ನೂ ಬಿಡದಿದ್ದುದು ಏಕೆ, ಕೊನೆಗೆ ಅದನ್ನು ಆಸೆಪಟ್ಟು ಕೇಳಿದ ಮನೆಗೆ ಕೊಡದೆ ಬೇರೆ ಮನೆಗೆ ಕೊಟ್ಟದ್ದು ಏಕೆ ಎಂದು ಹಲವರು ಕೇಳಿದಿರಿ. ಒಬ್ಬಳು ವಿದ್ಯಾರ್ಥಿನಿಯಂತೂ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅರ್ಧಂಬರ್ಧ ಉತ್ತರ ಕೊಡುವ ಬದಲು ಬರೆದೇ ಹೇಳುವುದು ಮೇಲೆನಿಸಿತು. ಜೀವಶಾಸ್ತ್ರದವರಿಗೆ ಇದರಲ್ಲಿ ಸ್ವಲ್ಪ ಪಾಠವೂ ಸಿಗುತ್ತದೆ. ಉಳಿದವರು ಲೆಕ್ಕದ ಭಾಗವನ್ನು ದಾಟಿ ಓದಬಹುದು.

ನಡೆದದ್ದು ನಿಮಗೆ ಗೊತ್ತೇ ಇದೆ. ಕ್ಯಾಂಟೀನ್ ಹಿಂದಿನ ಚರಂಡಿಯ ಬಳಿ, ಸುರಿಯುವ ಮಳೆಯಲ್ಲಿ, ರಸ್ಕ್ ತುಂಬಿಸುವ ಪ್ಲಾಸ್ಟಿಕ್ ಬರಣಿಯೊಳಗೆ ತಲೆ ಸಿಕ್ಕಿಸಿಕೊಂಡ ಕಂದು ಬಣ್ಣದ ನಾಯಿ ಗೋಡೆಗೆ ಢಿಕ್ಕಿ ಹೊಡೆಯುತ್ತ ಸುತ್ತುತ್ತಿತ್ತು. ಮೂರು ದಿನದ ಹಿಂದೆಯೇ ರಸ್ತೆಯಲ್ಲಿ ಅದನ್ನು ಆ ಸ್ಥಿತಿಯಲ್ಲಿ ನೋಡಿದ್ದೆವೆಂದು ಕ್ಯಾಂಟೀನ್ ಹುಡುಗರು ಹೇಳಿದರು. ಮೂರು ದಿನ ಸುತ್ತಲೂ ಮಳೆ ನೀರು, ಒಂದು ಹನಿಯೂ ಬಾಯಿಗಿಲ್ಲ. ಬಾಯಾರಿದ ನಾಯಿಗೆ ಪಾದರಕ್ಷೆಯಲ್ಲಿ ನೀರು ಮೊಗೆದು ಕೊಟ್ಟವನ ಹದೀಸನ್ನು ನೀವೆಲ್ಲ ಮದ್ರಸದಲ್ಲೇ ಕೇಳಿದ್ದೀರಿ, ಮತ್ತೆ ಹೇಳುವುದಿಲ್ಲ. ಅದನ್ನು ನೆನಪಿಸಿಕೊಂಡೇ ಇರಬೇಕು, ಇಬ್ಬರು ಹುಡುಗರು ಓಡಿಹೋಗಿ ಬರಣಿಗೆ ಕೈ ಹಾಕಿದ್ದರು. ನಾನು ಕೂಗಿ ನಿಲ್ಲಿಸಿದೆ. ಆ ಕೂಗಿನ ಕಾರಣದಿಂದಲೇ ಶುರುಮಾಡುತ್ತೇನೆ.

ಬರಣಿಯೊಳಗೆ ಜೊಲ್ಲು ತುಂಬಿತ್ತು. ಬಾಯಿ ಅರ್ಧ ತೆರೆದಿತ್ತು. ಬರಣಿ ಸಿಕ್ಕಿಕೊಂಡ ನಾಯಿಗೂ ಹೀಗಾಗುತ್ತದೆ, ರೇಬೀಸ್ ಬಂದ ನಾಯಿಗೂ ಹೀಗಾಗುತ್ತದೆ. ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬಂದು ಕಚ್ಚುವಂಥದ್ದು ಎಂದು ನಾವು ತಿಳಿದಿದ್ದೇವೆ. ರೇಬೀಸಿಗೆ ಇನ್ನೊಂದು ರೂಪವಿದೆ, ಮೂಕ ರೂಪ. ಅದರಲ್ಲಿ ದವಡೆಯ ಮತ್ತು ಗಂಟಲಿನ ಸ್ನಾಯುಗಳಿಗೆ ಪಾರ್ಶ್ವವಾಯು ಬಡಿಯುತ್ತದೆ. ಕೆಳದವಡೆ ಜೋತು ಬೀಳುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ, ನಾಯಿ ಮೂಲೆ ಸೇರಿ ಸುಮ್ಮನಿರುತ್ತದೆ. ನೋಡಿದವರು ‘ಪಾಪ, ಗಂಟಲಲ್ಲಿ ಎಲುಬು ಸಿಕ್ಕಿದೆ’ ಎಂದು ಬಾಯೊಳಗೆ ಬೆರಳು ಹಾಕುತ್ತಾರೆ. ಮೈಮೇಲೆ ಬರುವ ನಾಯಿಯಿಂದ ಯಾರೂ ದೂರ ಓಡುತ್ತಾರೆ. ಈ ಸುಮ್ಮನಿರುವ ನಾಯಿಯ ಹತ್ತಿರ ಹೋಗುವವರು ಕರುಣೆಯುಳ್ಳವರೇ. ಅದಕ್ಕೇ ನನಗೆ ಹೆಚ್ಚು ಭಯ.

ಇನ್ನೊಂದು ಮಾತು. ಬರಣಿ ತಲೆಯ ಮೇಲಿರುವಷ್ಟು ಹೊತ್ತು ನಾಯಿ ಕಚ್ಚಲಾರದು. ಬರಣಿ ಕಳಚಿದ ಮರುಕ್ಷಣ ಅದರ ಬಾಯಿ ನಿಮ್ಮ ಕೈಯ ಪಕ್ಕದಲ್ಲೇ ಇರುತ್ತದೆ, ಮೂರು ದಿನದ ದಿಗಿಲು ಅದರ ತಲೆಯೊಳಗಿರುತ್ತದೆ. ಆದ್ದರಿಂದ ವಾಚ್‌ಮ್ಯಾನ್ ಮೀನಿನ ಬಲೆ ಹಾಕಿ ಹಿಡಿದು ಶೆಡ್ಡಿಗೆ ಸೇರಿಸಿದ ಮೇಲೆ, ಪಶುವೈದ್ಯರು ಬಂದು ಮೈಗೆ ದಪ್ಪ ಕಂಬಳಿ ಸುತ್ತಿ, ಬರಣಿಯ ತಳವನ್ನು ಮೊದಲು ಕತ್ತರಿಸಿ ಗಾಳಿ ಬಿಟ್ಟು, ಆಮೇಲೆ ಕತ್ತಿನ ಭಾಗವನ್ನು ಕತ್ತರಿಸಿದರು. ವೈದ್ಯರೂ ನಾನೂ ರೇಬೀಸ್‌ಗೆ ಮುಂಜಾಗ್ರತೆಯ ಲಸಿಕೆ ಮೊದಲೇ ಹಾಕಿಸಿಕೊಂಡವರು. ನೀವು ಯಾರೂ ಹಾಕಿಸಿಕೊಂಡಿಲ್ಲ. ನಿಮ್ಮನ್ನು ಜಾಲರಿಯ ಹೊರಗೆ ನಿಲ್ಲಿಸಿದ್ದಕ್ಕೆ ಇಷ್ಟೇ ಕಾರಣ.

ಹೆಣ್ಣೋ ಗಂಡೋ ಎಂದು ನೋಡುವ ಮೊದಲೇ ಅದಕ್ಕೆ ‘ಕಿತ್ಮೀರ್’ ಎಂದು ಹೆಸರು ಬಿದ್ದಿತ್ತು. ಅಸ್‌ಹಾಬುಲ್ ಕಹ್ಫ್‌ರ ಜೊತೆ ಗುಹೆಯ ಬಾಗಿಲಲ್ಲಿ ಮಲಗಿದ ನಾಯಿಗೆ ತಫ್ಸೀರ್‌ಗಳಲ್ಲಿ ಬರುವ ಹೆಸರು ಅದು. ನಮ್ಮದು ಹೆಣ್ಣು ನಾಯಿ ಎಂದು ಆಮೇಲೆ ಗೊತ್ತಾಯಿತು. ಹೆಸರು ಹಾಗೆಯೇ ಉಳಿಯಿತು. ಹಾಲುಹಲ್ಲು ಒಂದೂ ಇರಲಿಲ್ಲ. ನಾಯಿಗೆ ಆರೇಳು ತಿಂಗಳಾಗುವಾಗ 42 ಶಾಶ್ವತ ಹಲ್ಲುಗಳೂ ಬಂದಿರುತ್ತವೆ. ಹಲ್ಲುಗಳು ಇನ್ನೂ ಬಿಳಿಯಾಗಿ, ಸವೆಯದೆ ಇದ್ದುದರಿಂದ ಒಂದು ವರ್ಷದ ಆಸುಪಾಸು ಎಂದು ವೈದ್ಯರ ಅಂದಾಜು. ಕಿವಿಯಲ್ಲಿ ಕತ್ತರಿಸಿದ ಗುರುತು ಇರಲಿಲ್ಲ, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ ಎಂದಿಟ್ಟುಕೊಳ್ಳಬೇಕು.

ಈಗ ಎಲ್ಲರೂ ತಪ್ಪುವ ಒಂದು ಲೆಕ್ಕ. ‘ಮೇಡಂ, ರೇಬೀಸ್ ಇದ್ದರೆ 10 ದಿನದಲ್ಲಿ ನಾಯಿ ಸಾಯುತ್ತದಲ್ಲ? ಹತ್ತು ದಿನ ಕಳೆದರೆ ರೇಬೀಸ್ ಇಲ್ಲ ಎಂದಾಯಿತಲ್ಲ?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲ. 10 ದಿನ ಎಂಬುದು ಬೇರೆ ಪ್ರಶ್ನೆಗೆ ಉತ್ತರ. ವೈರಸ್ ಕಚ್ಚಿದ ಗಾಯದಿಂದ ನರಗಳ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ, ಅಲ್ಲಿಂದ ಜೊಲ್ಲು ಗ್ರಂಥಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಂಡ ನಾಯಿಗೆ ಕೆಲವೇ ದಿನಗಳಲ್ಲಿ ಲಕ್ಷಣ ಕಾಣುತ್ತದೆ, ಬೇಗ ಸಾಯುತ್ತದೆ. ಆದ್ದರಿಂದ ಕಚ್ಚಿದ ನಾಯಿ 10 ದಿನದ ಮೇಲೂ ಆರೋಗ್ಯವಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಅಷ್ಟೇ ಅರ್ಥ. ಅದೇ ನಾಯಿಗೆ ಕಳೆದ ತಿಂಗಳು ಬೇರೊಂದು ನಾಯಿ ಕಚ್ಚಿ, ವೈರಸ್ ಇನ್ನೂ ಕಾಲಿನ ನರದಲ್ಲೇ ಪ್ರಯಾಣದಲ್ಲಿದ್ದರೆ? ವೈರಸ್ ಒಳಹೊಕ್ಕ ದಿನದಿಂದ ಲಕ್ಷಣ ಕಾಣುವ ದಿನಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಬೀದಿಯಿಂದ ಬಂದ, ಹಿಂದಿನ ಕಥೆ ಗೊತ್ತಿಲ್ಲದ ಯಾವ ನಾಯಿಯ ವಿಷಯದಲ್ಲೂ ‘ರೇಬೀಸ್ ಇಲ್ಲ’ ಎಂದು ಎರಡು ವಾರದಲ್ಲಿ ಬರೆದುಕೊಡಲು ಯಾರಿಗೂ ಸಾಧ್ಯವಿಲ್ಲ. ಲಸಿಕೆ ಹಾಕಿಸಿ, ಮುಂದಿನ ತಿಂಗಳುಗಳಲ್ಲಿ ನಡವಳಿಕೆ ಏಕಾಏಕಿ ಬದಲಾದರೆ ತಕ್ಷಣ ತಿಳಿಸಿ ಎಂದು ಮನೆಯವರಿಗೆ ಹೇಳುವುದೇ ಪ್ರಾಮಾಣಿಕ ದಾರಿ.

ಮನುಷ್ಯರ ವಿಷಯಕ್ಕೆ ಬಂದರೆ, 10 ದಿನ ಕಾದು ನೋಡುವ ಪ್ರಶ್ನೆಯೇ ಇಲ್ಲ. ನಾಯಿ ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಗಲಿದರೆ ನಲ್ಲಿ ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ನೀವು ಎಣಿಸಿದ್ದಕ್ಕಿಂತ ಬಹಳ ಉದ್ದ. ಅರಸಿನ, ಸುಣ್ಣ, ಮೆಣಸಿನ ಪುಡಿ ಏನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆಯಿಂದ ನಮ್ಮ ದೇಹ ತಾನೇ ಪ್ರತಿಕಾಯ ತಯಾರಿಸಲು ಕೆಲವು ದಿನ ಬೇಕು. ಅಷ್ಟರವರೆಗೆ ಹೊರಗಿನಿಂದ ಸಿದ್ಧ ಪ್ರತಿಕಾಯ ಕೊಡುವುದು ಇದು. ಪಾಠದಲ್ಲಿ ಓದಿದ ಸಕ್ರಿಯ ಮತ್ತು ನಿಷ್ಕ್ರಿಯ ರೋಗನಿರೋಧಕತೆ ಎರಡೂ ಒಂದೇ ಮನುಷ್ಯನ ಒಂದೇ ಕೈಯಲ್ಲಿ.

ಇನ್ನು ಶೆಡ್. 14 ದಿನ ಏಕೆ? ನಾಯಿಗಳಲ್ಲಿ ಪಾರ್ವೊ ವೈರಸ್ ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ ಲಕ್ಷಣ ತೋರಿಸುತ್ತದೆ. ಡಿಸ್ಟೆಂಪರ್ ಒಂದೆರಡು ವಾರ ತೆಗೆದುಕೊಳ್ಳಬಹುದು. ಮೇಲ್ನೋಟಕ್ಕೆ ಚೆನ್ನಾಗಿರುವ ನಾಯಿಯನ್ನು ಮೂರನೇ ದಿನ ಒಂದು ಮನೆಗೆ ಕಳಿಸಿ, ಅಲ್ಲಿದ್ದ ಮರಿಗಳಿಗೆಲ್ಲ ಪಾರ್ವೊ ಹಬ್ಬಿಸಿದ ಘಟನೆಗಳು ಎಲ್ಲ ಕಡೆ ಇವೆ. ಪಾರ್ವೊಗೆ ಕೊಬ್ಬಿನ ಹೊರಕವಚ ಇಲ್ಲ, ಆದ್ದರಿಂದ ನೆಲ ಒರೆಸುವ ಫಿನಾಯಿಲ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಮೊದಲು ಕೊಳೆ ತೊಳೆದು, ಆಮೇಲೆ ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬ್ಲೀಚ್ ದ್ರವ ಬೆರೆಸಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಹೇಲಿನ ಮೇಲೆಯೇ ಬ್ಲೀಚ್ ಸುರಿದರೆ ಪ್ರಯೋಜನವಿಲ್ಲ.

ಶೆಡ್ಡಿನೊಳಗೆ ಹೋಗಲು ನಾನು ಬೇರೆಯೇ ಒಂದು ಹಳೆಯ ನಿಲುವಂಗಿ, ರಬ್ಬರ್ ಚಪ್ಪಲಿ, ಕೈಗವಸು ಇಟ್ಟುಕೊಂಡಿದ್ದೆ. ಬಾಗಿಲ ಬಳಿ ಬಕೆಟ್, ಅದರ ಪಕ್ಕದಲ್ಲಿ ಒಂದು ಡಬ್ಬಿ ಶುದ್ಧ ಮಣ್ಣು. ಮಣ್ಣು ಏಕೆಂದು ಬೇರೆ ಮದ್ಹಬ್‌ನ ಕೆಲವರು ಕೇಳಿದರು. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈಗಳು. ನಾಯಿಯ ಜೊಲ್ಲು ಅಥವಾ ಒದ್ದೆ ಮೈ ತಗಲಿದರೆ ಏಳು ಬಾರಿ ತೊಳೆಯಬೇಕು, ಅದರಲ್ಲಿ ಒಂದು ಬಾರಿ ಮಣ್ಣು ಬೆರೆಸಿದ ನೀರಿನಿಂದ. ಒಣ ಮೈಗೆ ಒಣ ಬಟ್ಟೆ ತಗಲಿದರೆ ನಜಸ್ ಅಂಟುವುದಿಲ್ಲ. ಹನಫಿಗಳಲ್ಲಿ ಜೊಲ್ಲು ನಜಸ್, ಮೈ ಅಲ್ಲ. ಇದನ್ನು ಹೇಳಿದ್ದು ಫಿಕ್‌ಹ್ ಪಾಠ ಮಾಡಲಿಕ್ಕಲ್ಲ, ಅದಕ್ಕೆ ನಮ್ಮ ಉಸ್ತಾದರಿದ್ದಾರೆ. ‘ನಮಾಝಿಗೆ ತೊಂದರೆಯಾಗುತ್ತದೆ, ಅದಕ್ಕೇ ನಾಯಿಯ ಉಸಾಬರಿ ಬೇಡ’ ಎನ್ನುವವರಿಗೆ ಒಂದು ಮಾತು: ಬೇರೆ ಬಟ್ಟೆ, ಬೇರೆ ಚಪ್ಪಲಿ, ಬಾಗಿಲಲ್ಲೇ ಕೈ ತೊಳೆಯುವುದು, ಇವು ಯಾವುದೇ ಪಶು ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಲ್ಲೂ ಕಡ್ಡಾಯ. ಝುಹರ್‌ಗೆ ಮೊದಲು ಅಲ್ಲಿಂದ ಹೊರಬಂದು ಬಟ್ಟೆ ಬದಲಿಸಲು ನನಗೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಮೊದಲ ದಿನ ನೀವು ಪ್ರೀತಿಯಿಂದ ತಂದ ಬಿರಿಯಾನಿಯನ್ನು ನಾನು ಹಿಂದಕ್ಕೆ ಕಳಿಸಿದೆ. ಅದರ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೆಂದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ದಿನಗಟ್ಟಲೆ ಉಪವಾಸವಿದ್ದ, ಮೊದಲೇ ಬಡಕಲಾಗಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಅನ್ನ ಬಿದ್ದರೆ ಇನ್ಸುಲಿನ್ ಏರುತ್ತದೆ. ಗ್ಲೂಕೋಸ್ ಜೀವಕೋಶಗಳೊಳಗೆ ನುಗ್ಗುತ್ತದೆ. ಗ್ಲೈಕೊಲಿಸಿಸ್‌ನ ಮೊದಲ ಹೆಜ್ಜೆ ಏನು? ಗ್ಲೂಕೋಸ್‌ಗೆ ಫಾಸ್ಫೇಟ್ ಸೇರಿಸುವುದು. ಎಟಿಪಿ ತಯಾರಾಗಲೂ ಫಾಸ್ಫೇಟ್ ಬೇಕು. ಉಪವಾಸದಲ್ಲಿ ಖಾಲಿಯಾದ ದೇಹದಲ್ಲಿ ಅದು ಎಲ್ಲಿಂದ ಬರಬೇಕು? ರಕ್ತದಿಂದ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದರೆ ಹೃದಯ ಲಯ ತಪ್ಪುತ್ತದೆ. ಹಸಿವೆಯಿಂದ ಸಾಯದ ಪ್ರಾಣಿ ಊಟದಿಂದ ಸಾಯಬಹುದು. ಯುದ್ಧಕಾಲದ ಬಂದಿಗಳಲ್ಲಿ ವೈದ್ಯರು ಇದನ್ನು ಕಂಡಿದ್ದಾರೆ.

ಎಷ್ಟು ಕೊಡಬೇಕೆಂಬ ಲೆಕ್ಕ ಸುಲಭ. ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೊಕ್ಯಾಲೊರಿ ಎಂದರೆ ತೂಕದ 0.75ನೇ ಘಾತವನ್ನು 70ರಿಂದ ಗುಣಿಸಿದಷ್ಟು. ಕಿತ್ಮೀರ್ 9 ಕಿಲೊ ತೂಗಿತು. 9ರ ವರ್ಗಮೂಲ 3, ಆ 3ರ ವರ್ಗಮೂಲ 1.732; ಎರಡನ್ನೂ ಗುಣಿಸಿದರೆ 5.196. ಅದನ್ನು 70ರಿಂದ ಗುಣಿಸಿದರೆ ಸುಮಾರು 364. ಮೊದಲ ದಿನ ಅದರ ನಾಲ್ಕನೇ ಒಂದು ಭಾಗ, ಅಂದರೆ 91. ಉಪ್ಪಿಲ್ಲದೆ ಬೇಯಿಸಿದ, ಎಲುಬು ಚರ್ಮ ತೆಗೆದ ಕೋಳಿ ಮಾಂಸ 50 ಗ್ರಾಂ ಚಿಲ್ಲರೆ. ಅದನ್ನೂ ಆರು ಪಾಲು ಮಾಡಿ, ಇಡೀ ದಿನಕ್ಕೆ ಹಂಚಿದೆ. ‘ಇಷ್ಟೇನಾ?’ ಎಂದು ನೀವು ನನ್ನನ್ನು ಕಟುಕಳಂತೆ ನೋಡಿದ್ದು ನೆನಪಿದೆ. ಪೂರ್ಣ ಪ್ರಮಾಣಕ್ಕೆ ಬಂದದ್ದು ಐದನೇ ದಿನ.

ದೇಹ ಪರೀಕ್ಷೆಯಲ್ಲಿ ಜಾಲರಿಯ ಹೊರಗಿನಿಂದಲೇ ನೀವು ಮಾಡಿದ ಕೆಲಸ ಉಸಿರು ಎಣಿಸುವುದು. ಮಲಗಿದ ನಾಯಿಯ ಪಕ್ಕೆ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಏರಿತೆಂದು ಎಣಿಸಿ ಎರಡರಿಂದ ಗುಣಿಸಿದಿರಿ. 10ರಿಂದ 30 ಸಹಜ. ಒಳಗೆ ನಾವು ನೋಡಿದ್ದು: ಗುದದ ತಾಪ 104 ಡಿಗ್ರಿ ಫ್ಯಾರನ್‌ಹೀಟ್ (ನಾಯಿಗೆ 101ರಿಂದ 102.5 ಸಹಜ, ನಮ್ಮ ಲೆಕ್ಕದಲ್ಲಿ ನೋಡಿ ಗಾಬರಿಯಾಗಬೇಡಿ), ಒಸಡು ಪೇಲವ, ಅಂಟಂಟು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹೆಗಲ ಚರ್ಮ ಎತ್ತಿ ಬಿಟ್ಟಾಗ ನಿಧಾನವಾಗಿ ಕೂತರೆ ನೀರಿನಂಶ ಕಡಿಮೆ ಎಂದು ಪುಸ್ತಕದಲ್ಲಿದೆ. ಆದರೆ ಕೊಬ್ಬು ಕರಗಿದ ಬಡಕಲು ನಾಯಿಯಲ್ಲಿ ನೀರು ಸಾಕಷ್ಟಿದ್ದರೂ ಚರ್ಮ ನಿಧಾನವಾಗಿಯೇ ಕೂರುತ್ತದೆ, ಅದಕ್ಕೆ ಒಸಡಿನ ತೇವವನ್ನೂ ನೋಡಬೇಕು.

ಕಿವಿಯೊಳಗೆ, ಬೆರಳ ಸಂದುಗಳಲ್ಲಿ ಉಣುಗು ತುಂಬಿತ್ತು. ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ಗೆ ಹಾಕಬೇಕು. ಉಗುರಿನಿಂದ ಕುಕ್ಕಬಾರದು, ಸೀಮೆಎಣ್ಣೆ ಸವರಬಾರದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಬಹಳ ಕಡಿಮೆ ಬಂತು. ನಾಯಿಯ ಉಣುಗು ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಎಂದು ವೈದ್ಯರು ನಾಲ್ಕು ವಾರದ ಮಾತ್ರೆ ಬರೆದರು. ಜ್ವರವಿದೆಯೆಂದು ಒಬ್ಬ ಹುಡುಗ ತನ್ನ ಬ್ಯಾಗಿನಿಂದ ಮಾತ್ರೆ ತೆಗೆದು ಕೊಡಲು ಬಂದಿದ್ದ. ನಮ್ಮ ಜ್ವರ, ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು. ಯಾವುದನ್ನೂ ಕೊಡಬೇಡಿ.

ಇಲ್ಲಿಯವರೆಗಿನದು ಪುಸ್ತಕದಲ್ಲಿ ಸಿಗುವಂಥದ್ದು. ಇನ್ನು ನನ್ನ ತಪ್ಪಿನ ಕಥೆ.

ಎರಡು ವರ್ಷದ ಹಿಂದೆ ಹೀಗೆಯೇ ಒಂದು ಗಂಡು ನಾಯಿಯನ್ನು ಗಾಯವಾಗಿದ್ದ ಸ್ಥಿತಿಯಲ್ಲಿ ತಂದಿದ್ದೆವು. ಮೂಲೆಯಲ್ಲಿ ಮಲಗಿತ್ತು. ಹತ್ತಿರ ಹೋದರೆ ಗುರ್ ಎನ್ನಲಿಲ್ಲ, ಮುಟ್ಟಿದರೂ ಅಲುಗಲಿಲ್ಲ. ಎರಡನೇ ದಿನ ನಾನು ಚೀಟಿಯಲ್ಲಿ ‘ಶಾಂತ ಸ್ವಭಾವ, ಮಕ್ಕಳಿರುವ ಮನೆಗೂ ಆಗುತ್ತದೆ’ ಎಂದು ಬರೆದೆ. ಮೂರನೇ ದಿನ ಪರಿಚಯದ ಮನೆಯೊಂದಕ್ಕೆ ತಾತ್ಕಾಲಿಕವಾಗಿ ಕಳಿಸಿದೆ. ಅಲ್ಲಿ ಔಷಧ ಹಿಡಿದು ಜ್ವರ ಇಳಿಯಿತು, ಹಸಿವೆ ಮರಳಿತು. ಆರನೇ ದಿನ ಆ ಮನೆಯ ಚಿಕ್ಕ ಹುಡುಗ ನಾಯಿಯ ತಟ್ಟೆಯಿಂದ ಹೊರಬಿದ್ದ ಅನ್ನವನ್ನು ತಟ್ಟೆಗೆ ಹಾಕಲು ಕೈ ಚಾಚಿದ. ನಾಯಿ ಕಚ್ಚಿತು. ಅಂಗೈ ಹರಿದಿತ್ತು. ಗಾಯದೊಳಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುವಾಗ ಅವನು ಕೂಗಿದ್ದನ್ನು ಆಸ್ಪತ್ರೆಯ ವರಾಂಡದಲ್ಲಿ ನಿಂತು ನಾನು ಕೇಳಿದ್ದೇನೆ. ಅವನ ಕೈ ಗುಣವಾಯಿತು, ಅಲ್ಹಮ್ದುಲಿಲ್ಲಾಹ್. ನಾಯಿಗೆ ಮಾತ್ರ ಮತ್ತೆ ಮನೆ ಸಿಗಲಿಲ್ಲ. ಕಚ್ಚಿದ ನಾಯಿ ಎಂಬ ಹೆಸರು ಹೊತ್ತು ಇಂದಿಗೂ ದೂರದ ಒಂದು ಆಶ್ರಯದ ಗೂಡಿನಲ್ಲಿದೆ. ವರ್ಷಕ್ಕೆ ಒಂದೆರಡು ಸಲ ಹೋಗಿ ನೋಡಿ ಬರುತ್ತೇನೆ. ನನ್ನ ಗುರುತು ಹಿಡಿದು ಬಾಲ ಅಲ್ಲಾಡಿಸುತ್ತದೆ, ಅದೇ ಹೆಚ್ಚು ಕಷ್ಟ.

ಆ ನಾಯಿ ಆರು ದಿನದಲ್ಲಿ ಬದಲಾಗಿರಲಿಲ್ಲ. ಮೊದಲ ಎರಡು ದಿನ ಅದು ಶಾಂತವಾಗಿರಲೇ ಇಲ್ಲ. ಜ್ವರದಲ್ಲಿತ್ತು, ಭಯದಿಂದ ಮರಗಟ್ಟಿತ್ತು. ನಾನು ಕಂಡದ್ದು ‘ಅಲುಗಲಿಲ್ಲ’ ಎಂಬುದನ್ನು. ಬರೆದದ್ದು ‘ಶಾಂತ’ ಎಂದು. ಮೊದಲನೆಯದು ವೀಕ್ಷಣೆ, ಎರಡನೆಯದು ತೀರ್ಮಾನ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ನೀವು ಈ ಎರಡನ್ನೂ ಬೆರೆಸಿ ಬರೆದರೆ ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತೇನೆ.

ಆದ್ದರಿಂದ ಈ ಸಲ 200 ಪುಟದ ನೋಟ್‌ಬುಕ್ಕಿಗೆ ನಡುವೆ ಗೆರೆ ಎಳೆದು, ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’ ಎಂದು ಬರೆಸಿದೆ. ಎಡಭಾಗದಲ್ಲಿ ಸ್ವಭಾವದ ಪದಗಳಿಗೆ ಜಾಗವಿಲ್ಲ. ಒಳ್ಳೆಯದು, ಪಾಪದ್ದು, ಸಿಟ್ಟಿನದು ಯಾವುದೂ ಇಲ್ಲ. ಶೆಡ್ಡಿನ ನೆಲದಲ್ಲಿ ತಟ್ಟೆಯಿಂದ ಒಂದೊಂದು ಅಡಿಗೆ ಚಾಕ್ ಗೆರೆ ಎಳೆದೆವು.

ಮೊದಲೆರಡು ದಿನದ ಎಡಭಾಗದಲ್ಲಿ ಇಷ್ಟೇ ಇದೆ: ಗೋಡೆಗೆ ಮುಖ, ಜನರಿದ್ದಾಗ ತಿನ್ನಲಿಲ್ಲ, ಎಲ್ಲರೂ ಹೋದ ಮೇಲೆ ತಟ್ಟೆ ಖಾಲಿ. ನಾಲ್ಕನೇ ದಿನ: ನಾನು ಒಳಗೆ ಬಂದಾಗ ಆಕಳಿಸಿತು, ಮೂಗು ನೆಕ್ಕಿಕೊಂಡಿತು, ತಲೆ ಅತ್ತ ತಿರುಗಿಸಿ ಕಣ್ಣನ್ನು ಮಾತ್ರ ಇತ್ತ ಇಟ್ಟಿತು, ಕಣ್ಣಿನ ಬಿಳಿ ಕಂಡಿತು. ಬಲಭಾಗದಲ್ಲಿ ಒಬ್ಬಳು ‘ನಿದ್ದೆ ಬಂದಿದೆ’ ಎಂದು ಬರೆದಿದ್ದಾಳೆ. ನಿದ್ದೆಯಿಲ್ಲದ ಆಕಳಿಕೆ, ಊಟವಿಲ್ಲದಾಗ ತುಟಿ ನೆಕ್ಕುವುದು, ಈ ಓರೆನೋಟ, ಮೂರೂ ‘ಹತ್ತಿರ ಬರಬೇಡ’ ಎಂದು ನಾಯಿ ಹೇಳುವ ಮೊದಲ ಮೆಲುದನಿ. ಅದನ್ನು ಕೇಳದಿದ್ದರೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುತ್ತದೆ.

ಆರನೇ ದಿನ ತಾಪ 102ಕ್ಕೆ ಇಳಿಯಿತು. ಅಂದೇ ಮೊದಲ ಬೊಗಳು, ಜಾಲರಿಯ ತನಕ ಬಂದು ನಿಂತದ್ದು, ಬಾಲ ಕಾಲ ಸಂದಿಯಿಂದ ಹೊರಬಂದದ್ದು. ನೀವೆಲ್ಲ ಕುಣಿದಿರಿ. ನನಗೆ ಎರಡು ವರ್ಷದ ಹಿಂದಿನ ಆರನೇ ದಿನ ನೆನಪಾಗಿ ಕುಣಿಯಲಾಗಲಿಲ್ಲ. ಏಳನೇ ದಿನ ನಿರೀಕ್ಷಿಸಿದ್ದೇ ಆಯಿತು. ತಿನ್ನುತ್ತಿರುವಾಗ ನಾನು ಐದನೇ ಗೆರೆ ದಾಟಿದಾಗ ಅಗಿಯುವುದು ನಿಂತಿತು, ಮೈ ಬಿಗಿಯಿತು. ಮೂರನೇ ಗೆರೆಯಲ್ಲಿ ಗುರುಗುಟ್ಟಿತು. ಕೆಲವು ಕಡೆ ಕೋಲಿನ ತುದಿಗೆ ಪ್ಲಾಸ್ಟಿಕ್ ಕೈ ಕಟ್ಟಿ ತಟ್ಟೆಗೆ ಹಾಕಿ, ಕಚ್ಚುತ್ತದೋ ಎಂದು ಪರೀಕ್ಷಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಉಪವಾಸದಿಂದ ಬಂದ ಪ್ರಾಣಿಯ ಬಾಯಿಂದ ಅನ್ನ ಕಸಿಯುವ ನಟನೆ ಮಾಡಿ ಅದು ಕೆಟ್ಟದ್ದೆಂದು ತೀರ್ಪು ಕೊಡುವುದು ಪರೀಕ್ಷೆಯಲ್ಲ, ಕೆಣಕುವುದು. ಇಂಥ ಪರೀಕ್ಷೆಗಳ ಫಲಿತಾಂಶ ಮನೆಯಲ್ಲಿನ ನಡವಳಿಕೆಗೆ ಸರಿಯಾಗಿ ಹೊಂದುವುದೂ ಇಲ್ಲ. ನಾವು ಮಾಡಿದ್ದು: ಆರನೇ ಗೆರೆಯಲ್ಲೇ ನಡೆದುಹೋಗುತ್ತ ತಟ್ಟೆಯ ಕಡೆ ಒಂದು ಚೂರು ಕೋಳಿ ಎಸೆಯುವುದು, ನಿಲ್ಲದೆ ಮುಂದೆ ಹೋಗುವುದು. ಹತ್ತಿರ ಬರುವವರು ಕಸಿಯುವವರಲ್ಲ, ತರುವವರು ಎಂದು ಅದಕ್ಕೆ ಗೊತ್ತಾಗಬೇಕು. 12ನೇ ದಿನಕ್ಕೆ ಮೂರನೇ ಗೆರೆಯಲ್ಲಿ ಬಾಲ ಸಡಿಲವಾಗಿಯೇ ಇತ್ತು. ಎರಡನೇ ಗೆರೆಯಲ್ಲಿ ಮಾತ್ರ ಬಿಗಿತ.

ಇನ್ನೊಂದು, ಯಾರೂ ಊಹಿಸದ್ದು. ಬುರ್ಖಾ ಕಂಡರೆ ಹೆದರಬಹುದೆಂದು ಹಲವರು ಬಲಭಾಗದಲ್ಲಿ ಬರೆದಿದ್ದಿರಿ. ಏನೂ ಆಗಲಿಲ್ಲ. ಕ್ಯಾಂಟೀನ್ ಹಿಂದೆ ಅದಕ್ಕೆ ತಿಂಡಿ ಹಾಕುತ್ತಿದ್ದವರು ನಮ್ಮ ಹುಡುಗಿಯರೇ ಇರಬೇಕು. ಎಂಟನೇ ದಿನ ಅಟೆಂಡರ್ ಮಡಚಿದ ಕೊಡೆ ಹಿಡಿದು ಬಂದರು. ನಾಯಿ ಮೂಲೆಗೆ ತೆವಳಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಬಿಡಿಸಿದ ಕೊಡೆಗೆ ಏನೂ ಇಲ್ಲ, ಮಡಚಿದ್ದಕ್ಕೆ ಮಾತ್ರ. ಪೊರಕೆ ಎತ್ತಿದರೂ ಹಾಗೆಯೇ. ಮಳೆಗಾಲದ ನಮ್ಮೂರಿನಲ್ಲಿ ಮಡಚಿದ ಕೊಡೆ ಇಲ್ಲದ ಮನೆ ಯಾವುದು? ಈ ಒಂದು ಸಾಲು ಮನೆಯವರಿಗೆ ಗೊತ್ತಿರಲೇಬೇಕು. (ಅಝಾನ್ ಕೇಳಿ ಊಳಿಟ್ಟಿತೆಂದು ಒಬ್ಬ ಗಾಬರಿಯಿಂದ ಬಂದ. ಉದ್ದಕ್ಕೆ ಎಳೆದ ಸ್ವರ ಕೇಳಿದರೆ ನಾಯಿಗಳು ದನಿಗೂಡಿಸುತ್ತವೆ, ಆಂಬುಲೆನ್ಸ್‌ಗೂ ಹಾಗೆಯೇ. ಅಪಶಕುನ ಹುಡುಕಬೇಡಿ.)

ಒಂಬತ್ತನೇ ದಿನ, ಜ್ವರ ಪೂರ್ತಿ ನಿಂತ ಮೇಲೆ, ರೇಬೀಸ್ ಲಸಿಕೆಯೂ ಡಿಸ್ಟೆಂಪರ್–ಪಾರ್ವೊ ಸಂಯುಕ್ತ ಲಸಿಕೆಯೂ ಆಯಿತು.

ಈಗ ಮುನಿಸಿಗೆ ಕಾರಣವಾದ ವಿಷಯ. ನಾಯಿಯನ್ನು ಕೇಳಿದ ವಿದ್ಯಾರ್ಥಿನಿ ದಿನಾ ಉಸಿರು ಎಣಿಸಿದವಳು, ನೋಟ್‌ಬುಕ್ಕಿನ ಅರ್ಧಕ್ಕಿಂತ ಹೆಚ್ಚು ಅವಳದೇ ಅಕ್ಷರ. ಅವಳ ಮನೆಯಲ್ಲಿ ನಾಲ್ಕು ಮತ್ತು ಆರು ವರ್ಷದ ತಮ್ಮಂದಿರಿದ್ದಾರೆ. ಊಟದ ತಟ್ಟೆಯಿಂದ ಎರಡು ಅಡಿ ದೂರ ಎಂಬುದು ನಾಲ್ಕು ವರ್ಷದ ಮಗುವಿಗೆ ಅರ್ಥವಾಗುವ ಗೆರೆಯಲ್ಲ. ಅಲ್ಲದೆ ಅವಳ ಅಜ್ಜಿ ನಡುಕೋಣೆಯಲ್ಲಿ ನಮಾಝ್ ಮಾಡುತ್ತಾರೆ, ನಾಯಿ ಮನೆಯೊಳಗೆ ಬೇಡ ಎಂದರು. ಅಜ್ಜಿಗೆ ತಿಳಿಯುವುದಿಲ್ಲ ಎಂದು ಅವಳು ಅತ್ತಳು. ನನಗೆ ಅಜ್ಜಿಯ ಮಾತು ಸರಿಯೆನಿಸಿತು. ಹೊಲ, ಹಿಂಡು, ಕಾವಲಿಗಲ್ಲದೆ ನಾಯಿ ಸಾಕುವ ಬಗ್ಗೆ ಹದೀಸಿನಲ್ಲಿರುವ ಎಚ್ಚರಿಕೆಯನ್ನು ಅವರು ಮನಸ್ಸಿನಲ್ಲಿಟ್ಟಿದ್ದರು. ಮನೆಯ ಒಬ್ಬರಿಗಾದರೂ ಒಪ್ಪಿಗೆಯಿಲ್ಲದ ಮನೆಗೆ ಹೋದ ನಾಯಿ ತಿಂಗಳೊಳಗೆ ಮತ್ತೆ ಬೀದಿಗೆ ಬರುತ್ತದೆ. ಮೌಲ್ಯಮಾಪನ ಮಾಡಬೇಕಾದದ್ದು ನಾಯಿಯನ್ನು ಮಾತ್ರವಲ್ಲ.

ನಮ್ಮ ಕಚೇರಿಯಿಂದ ನಿವೃತ್ತರಾದ ಹಾಜಿಯವರಿಗೆ ಎರಡು ಎಕರೆ ಅಡಿಕೆ ತೋಟವಿದೆ. ಗಂಡ ಹೆಂಡತಿ ಇಬ್ಬರೇ. ತೋಟಕ್ಕೆ ಕಾವಲು ಬೇಕಿತ್ತು, ಮನೆಯಿಂದ ಬೇರೆಯಾಗಿ ಹಳೆಯ ಕೊಟ್ಟಿಗೆ ಇತ್ತು, ಸುತ್ತ ಬೇಲಿ ಇತ್ತು. ಎರಡು ತಿಂಗಳಿಗೆಂದು ಒಪ್ಪಿದರು. 15ನೇ ದಿನ ಬೆಳಿಗ್ಗೆ ಕಿತ್ಮೀರ್ ಹೋಯಿತು. ಜೊತೆಗೆ ಒಂದು ಹಾಳೆ ಕೊಟ್ಟೆ. ಅದರಲ್ಲಿ ಮೂರನೆಯದೊಂದು ಭಾಗ ಸೇರಿಸಿದ್ದೆ: ‘ಗೊತ್ತಿಲ್ಲದ್ದು’. ಮಕ್ಕಳ ಜೊತೆ ಹೇಗೆ, ಗೊತ್ತಿಲ್ಲ. ಬೆಕ್ಕು, ಕೋಳಿ ಕಂಡರೆ ಏನು ಮಾಡುತ್ತದೆ, ಗೊತ್ತಿಲ್ಲ. ಬರಣಿಗೆ ಮೊದಲು ಯಾವುದಾದರೂ ನಾಯಿ ಕಚ್ಚಿತ್ತೇ, ಗೊತ್ತಿಲ್ಲ. ಎರಡು ವರ್ಷದ ಹಿಂದೆ ಈ ಭಾಗವನ್ನು ಬರೆಯಲು ನನಗೆ ನಾಚಿಕೆಯಾಗುತ್ತಿತ್ತು.

ಮೂರು ವಾರದ ನಂತರ ಎರಡನೇ ಡೋಸಿಗೆ ಕರೆತಂದಾಗ ಹಾಜಿಯವರು ಹಾಳೆಯನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ‘ಕೋಳಿ’ ಎಂಬ ಸಾಲಿನ ಮುಂದೆ ಬರೆದಿದ್ದರು: ‘ಕೋಳಿಯನ್ನು ನೋಡುತ್ತ ಕೂರುತ್ತದೆ. ಅರ್ಧ ಗಂಟೆಯಾದರೂ ಏಳುವುದಿಲ್ಲ.’ ಇಷ್ಟ ಎಂದೋ ಆಸೆ ಎಂದೋ ಬರೆದಿರಲಿಲ್ಲ. ಕೋಳಿಗೂಡಿಗೆ ಮಾತ್ರ ಹೊಸ ಚಿಲಕ ಹಾಕಿಸಿದ್ದರಂತೆ. ಮುನಿಸಿಕೊಂಡಿದ್ದ ವಿದ್ಯಾರ್ಥಿನಿ ಭಾನುವಾರಗಳಲ್ಲಿ ಅಪ್ಪನ ಜೊತೆ ತೋಟಕ್ಕೆ ಹೋಗಿ ಗೆರೆ ಎಳೆದು ಬರುತ್ತಾಳೆ. ಕಳೆದ ವಾರದ ನಮೂದು ಒಂದೂವರೆ ಅಡಿ.

ನೋಟ್‌ಬುಕ್ ಜೀವಶಾಸ್ತ್ರ ಲ್ಯಾಬಿನ ಎರಡನೇ ಕಪಾಟಿನಲ್ಲಿದೆ. ನೋಡಬೇಕೆಂದಿರುವವರು ಕೇಳಿ ತೆಗೆದುಕೊಳ್ಳಿ, ಕಾಫಿ ಚೆಲ್ಲಬೇಡಿ.